ನರಿಯ ಸರಹದ್ದು

೧೮ ನವೆಂಬರ್ ೧೯೯೬, ಸೋಮವಾರ

ಇವತ್ತು ಒಂದು ವಿಚಿತ್ರ ಅರ್ಜಿ ಬಂತು. ಬೆಳಿಗ್ಗೆ ಜಗುಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದೆ. ಪ್ಯಾಂಟು ಹಾಕಿದ ಹುಡುಗಿಯೊಬ್ಬಳು ಜೀಪು ನಿಲ್ಲಿಸಿ ಇಳಿದು, "ಸರ್ವೆಯರ್ ಮಹೇಶ್ವರಪ್ಪ ಅಂದ್ರೆ ನೀವೇನಾ ಸರ್?" ಎಂದು ಕೇಳಿದಳು. ನಿವೃತ್ತಿಯಾಗಿ ಎರಡು ವರ್ಷವಾಗುತ್ತ ಬಂತು. ಆದರೂ ಶಿಕಾರಿಪುರದ ಜನ ಸರ್ವೆಯರ್ ಎಂದೇ ಕರೆಯುತ್ತಾರೆ, ನನಗೂ ಅದೇ ಇಷ್ಟ.

ಹೆಸರು ವೇದಾ. ಸೊರಬದ ಕಡೆಯವಳು, ಪಿಎಚ್‌ಡಿ ಮಾಡುತ್ತಿದ್ದಾಳೆ. ಅಂಬ್ಲಿಗೊಳ ಡ್ಯಾಮಿನ ಈಚೆಗಿರುವ ಕುರುಚಲು ಗುಡ್ಡದಲ್ಲಿ ಒಂದು ಹೆಣ್ಣು ನರಿಯನ್ನು ಹಿಡಿದು, ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿ ಬಿಟ್ಟಿದ್ದಾಳಂತೆ. ಅದು ಎಲ್ಲೆಲ್ಲಿ ಓಡಾಡುತ್ತದೆ ಎಂದು ಗುರುತು ಹಾಕುತ್ತ ಹೋಗಿ, ಅದರ ವಾಸದ ವ್ಯಾಪ್ತಿ ಎಷ್ಟು ಎಂದು ಕಂಡುಹಿಡಿಯಬೇಕು. ಅದಕ್ಕೆ ನಕ್ಷೆ ಬರೆಯುವವರು ಬೇಕು.

"ಅರ್ಜಿದಾರರು ಯಾರಮ್ಮ, ನರೀನಾ?" ಅಂದೆ.

"ಹೌದು ಸರ್. ಜಮೀನು ಅಳೆದುಕೊಡಿ ಅಂತ ಕೇಳ್ತಾ ಇದೆ."

ಬಾಯಿ ಜೋರಿದೆ. ಒಪ್ಪಿಕೊಂಡೆ, ಮನೆಯಲ್ಲಿ ಕೂತು ಮಾಡುವುದಾದರೂ ಏನು. ನನ್ನ ಹೆಂಡತಿ ನೀಲಾಂಬಿಕ ತೀರಿಕೊಂಡು ವರ್ಷ ದಾಟಿತು. ಒಬ್ಬಳೇ ಮಗಳು ಗಂಗಾಶ್ರೀ ಸೊರಬದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಎರಡು ಹೊತ್ತೂ ಊಟ ಖಾನಾವಳಿಯಲ್ಲಿ. ಅಡಿಗೆಮನೆಗೆ ಚಿಲಕ ಹಾಕಿದ್ದೇನೆ. ಇಲಿ ಕಾಟ, ಅದಕ್ಕೆ.

೨೭ ನವೆಂಬರ್, ಬುಧವಾರ

ಕೆಲಸದ ರೀತಿ ಹೀಗೆ. ವೇದಾ ಟಿ.ವಿ. ಆಂಟೆನಾದಂಥದ್ದನ್ನು ಕೈಯಲ್ಲಿ ಹಿಡಿದು ಸುತ್ತ ತಿರುಗಿಸುತ್ತಾಳೆ. ನರಿ ಇರುವ ದಿಕ್ಕಿಗೆ ಬಂದಾಗ ಪೆಟ್ಟಿಗೆ ಟೊಕ್ ಟೊಕ್ ಎಂದು ಜೋರಾಗಿ ಬಡಿದುಕೊಳ್ಳುತ್ತದೆ. ದಿಕ್ಸೂಚಿಯಲ್ಲಿ ಕೋನ ಓದುವುದು. ಇನ್ನೊಂದು ಕಡೆಗೆ ಓಡಿಹೋಗಿ ಮತ್ತೊಂದು ಕೋನ ಓದುವುದು. ಎರಡು ಗೆರೆ ಕೂಡಿದಲ್ಲಿ ನರಿ, ಅಲ್ಲೊಂದು ಚುಕ್ಕೆ. ಇಷ್ಟು ನಮ್ಮ ಇಲಾಖೆಯವರೂ ಒಪ್ಪುವ ಮಾತು.

ಒಪ್ಪಲಾಗದ್ದು ಆ ಜಿಪಿಎಸ್ ಎಂಬ ಯಂತ್ರ. ನಾವು ನಿಂತ ಜಾಗ ಯಾವುದೆಂದು ಉಪಗ್ರಹಗಳನ್ನು ಕೇಳಿ ಹೇಳುತ್ತದಂತೆ. ನಿನ್ನೆಯೂ ಇವತ್ತೂ ಒಂದೇ ಬಾಂದುಕಲ್ಲಿನ ಮೇಲೆ ಇಟ್ಟೆವು. ನಿನ್ನೆ ಹೇಳಿದ ಜಾಗಕ್ಕೂ ಇವತ್ತು ಹೇಳಿದ ಜಾಗಕ್ಕೂ ಒಂದು ಹೊಲದಷ್ಟು ಅಂತರ. ಸರಹದ್ದಿಗೆಂದು ನಾನೇ ಮುಂದೆ ನಿಂತು ನೆಡಿಸಿದ ಕಲ್ಲು ಅದು.

"ಅಮೆರಿಕದ ಮಿಲಿಟರಿಯವರು ಬೇಕಂತಲೇ ತಪ್ಪು ಸೇರಿಸ್ತಾರೆ ಸರ್. ಹೊರಗಿನವರಿಗೆ ಸರಿಯಾಗಿ ಗೊತ್ತಾಗಬಾರದು ಅಂತ."

"ನಮ್ಮ ಕಲ್ಲು ಎಲ್ಲೈತಿ ಅಂತ ನಮಗ ತಪ್ಪು ಹೇಳಾಕ ಅವರು ಯಾರಮ್ಮ?"

ವೇದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಡೆಗೆ ಕಲ್ಲಿರುವ ಕಡೆ ಕಲ್ಲು, ಇಲ್ಲದ ಕಡೆ ಯಂತ್ರದಲ್ಲಿ ಹಲವು ಸಲ ನೋಡಿ ಸರಾಸರಿ ಹಿಡಿಯುವುದು ಎಂದು ರಾಜಿಯಾಯಿತು. ನರಿಯನ್ನು ನಾನಿನ್ನೂ ಕಣ್ಣಿಂದ ನೋಡಿಲ್ಲ.

೧೫ ಡಿಸೆಂಬರ್, ಭಾನುವಾರ

ಸೊರಬದಿಂದ ಬೀಗಿತಿ ನಿರ್ಮಲಮ್ಮನವರ ಫೋನ್ ಬಂತು. ಗಂಗಾಳಿಗೆ ಆರರಲ್ಲಿ ನಡೆಯುತ್ತಿದೆ, ಯುಗಾದಿ ಕಳೆದ ಮೇಲೆ ಹೆರಿಗೆ. ಚೊಚ್ಚಲು ತವರಿನಲ್ಲೇ ಆಗಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಪದ್ಧತಿ.

"ಆದರೆ ಬೀಗ್ರೇ, ತಾಯಿ ಇಲ್ಲದ ಮನೆಗೆ ಬಾಣಂತನಕ್ಕೆ ಹೆಂಗೆ ಕಳ್ಸೋದು ಹೇಳ್ರಿ. ತಪ್ಪು ತಿಳ್ಕೋಬ್ಯಾಡ್ರಿ. ಇಲ್ಲೇ ಮಾಡ್ತೀವಿ. ನಿಮಗೂ ಸುಮ್ನೆ ತೊಂದ್ರೆ."

ಹಂಗ ಆಗಲಿ ಬಿಡ್ರಿ ಅಂದೆ. ಒಳ್ಳೆಯ ಹೆಂಗಸು, ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಒಂದು ಲೋಟ ನೀರು ಕಾಯಿಸಿಕೊಳ್ಳಲು ಬಾರದ ಗಂಡಸು ನಾನು, ಬಾಣಂತಿಯನ್ನು ಏನು ನೋಡಿಕೊಳ್ಳುತ್ತೇನೆ. ಫೋನ್ ಇಟ್ಟ ಮೇಲೆ ನಿರಾಳವಾಯಿತು.

ಖಾನಾವಳಿಯಲ್ಲಿ ಇವತ್ತು ರೊಟ್ಟಿ ಸೀದಿತ್ತು, ಅರ್ಧಕ್ಕೇ ಎದ್ದು ಬಂದೆ.

೨೯ ಡಿಸೆಂಬರ್, ಭಾನುವಾರ

ಇದುವರೆಗಿನ ಚುಕ್ಕೆಗಳನ್ನೆಲ್ಲ ಹಾಕಿ ಮೊದಲ ನಕ್ಷೆ ಮುಗಿಸಿದೆ. ತೀರ ಹೊರಗಿರುವ ಚುಕ್ಕೆಗಳನ್ನು ಒಂದಕ್ಕೊಂದು ಗೆರೆ ಎಳೆದು ಸೇರಿಸಿ, ಒಳಗಿನ ವಿಸ್ತೀರ್ಣವನ್ನು ಎಕರೆ ಗುಂಟೆಗಳಲ್ಲಿ ತೆಗೆದು, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಹಾಕಿ, ಮಸಿಯಲ್ಲಿ ತಿದ್ದಿ ಕೊಟ್ಟೆ. ಇಂಥ ಚೆಂದದ ನಕ್ಷೆ ಆ ಹುಡುಗಿ ಜನ್ಮದಲ್ಲಿ ನೋಡಿರಲಿಕ್ಕಿಲ್ಲ.

ನೋಡಿ, ತುಟಿ ಕಚ್ಚಿಕೊಂಡಳು. "ಸರ್, ಡ್ಯಾಮಿನ ನೀರೆಲ್ಲ ನರಿಯ ಒಳಗೆ ಬಂದುಬಿಟ್ಟಿದೆ."

ನಿಜ. ಡಿಸೆಂಬರ್ ಮೊದಲ ವಾರ ಒಂದೇ ಒಂದು ದಿನ ನರಿ ಡ್ಯಾಮಿನ ನೀರಿನ ಆಚೆ ದಡದಲ್ಲಿತ್ತು. ಆ ಒಂದು ಚುಕ್ಕೆಯನ್ನು ಸೇರಿಸಲು ಹೋಗಿ ಅರ್ಧ ಅಂಬ್ಲಿಗೊಳ ಅದರ ಹೆಸರಿಗೆ ಆಗಿದೆ.

"ಹೋಗಿದ್ದು ಹೌದಲ್ಲಮ್ಮ? ಹೋದ ಮ್ಯಾಲ ಸರಹದ್ದು ಅಲ್ಲೀ ತನಕ."

"ಅದು ಒಂದು ಸಲ ಹೋಗಿ ಬಂದ ಜಾಗ ಸರ್, ಮನೆ ಅಲ್ಲ. ಎಷ್ಟು ದೂರ ಹೋಯ್ತು ಅನ್ನೋದು ನಮಗೆ ಬೇಡ. ಎಲ್ಲಿಗೆ ತಿರುಗಿ ತಿರುಗಿ ಬರುತ್ತೆ ಅನ್ನೋದು ಬೇಕು. ನೂರು ಚುಕ್ಕೆ ಇದ್ರೆ ತೀರ ಹೊರಗಿನ ಐದು ಬಿಟ್ಟುಬಿಡ್ತೀವಿ. ಆಮೇಲೆ ಚೌಕ ಹಾಕಿ, ಯಾವ ಚೌಕದಲ್ಲಿ ಚುಕ್ಕೆ ದಟ್ಟ ಇದೆ ನೋಡ್ತೀವಿ. ಅದು ನಡುಮನೆ ಇದ್ದ ಹಾಗೆ."

ಹೊರಗಿನ ಐದು ಬಿಡುವುದಂತೆ. ನಮ್ಮ ಕಾಲದಲ್ಲಿ ಐದು ಗುಂಟೆ ಬಿಟ್ಟಿದ್ದರೆ ಐದು ಜನ ಕೋರ್ಟಿಗೆ ಹೋಗುತ್ತಿದ್ದರು. ಸಿಟ್ಟು ಮಾಡಿಕೊಂಡು ನಕ್ಷೆ ಸುತ್ತಿ ವಾಪಸ್ ತಂದೆ. ಸಂಜೆ ಕೂತು ಚೌಕ ಹಾಕಿ ನೋಡಿದೆ. ಕಾಲುವೆ ಪಕ್ಕದ ಬಂಡೆಗಳ ಹತ್ತಿರ ಚುಕ್ಕೆಗಳು ಒತ್ತಿಕೊಂಡು ಬಿದ್ದಿವೆ. ಹುಡುಗಿ ಹೇಳಿದ್ದು ಸರಿ. ಹಾಗೆಂದು ಇಷ್ಟು ಬೇಗ ಹೇಳುವುದಿಲ್ಲ.

ನನ್ನ ಚುಕ್ಕೆಗಳನ್ನು ಹಾಕಿದರೆ ಹೇಗಿರುತ್ತದೆ ಎಂದು ಸುಮ್ಮನೆ ಯೋಚಿಸಿದೆ. ಜಗುಲಿ, ಖಾನಾವಳಿ, ಹಾಸಿಗೆ. ಇಷ್ಟಕ್ಕೆ ಚೌಕ ಯಾಕೆ.

೨೦ ಜನವರಿ ೧೯೯೭, ಸೋಮವಾರ

ಗಂಗಾಳ ಕುಬುಸ ಆಯಿತು. ಏಳನೇ ತಿಂಗಳ ಶಾಸ್ತ್ರ ಅದು, ತವರಿನಿಂದ ಹಸಿರು ಸೀರೆ, ಕುಬುಸದ ಕಣ, ಬಳೆ, ಬುತ್ತಿ ಎಲ್ಲ ಹೋಗಬೇಕು. ನನಗೆ ತಲೆಬುಡ ತಿಳಿಯುವುದಿಲ್ಲವೆಂದು ಹಿಂದಿನ ಬೀದಿಯ ಗುತ್ಯಮ್ಮನನ್ನು ಕರೆದುಕೊಂಡು ಹೋಗಿದ್ದೆ. ಊರಿನ ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವವಳು ಅವಳೇ. ಗಂಗಾ ಹುಟ್ಟಿದಾಗಲೂ ಅವಳೇ ಹಾಕಿದ್ದು.

ಮಗಳು ಹಸಿರು ಬಳೆ ತೊಟ್ಟು ಕೂತಿದ್ದನ್ನು ನೋಡಿದರೆ ನೀಲಾಂಬಿಕಳೇ. ಆ ಕಡೆಗೆ ಹೆಚ್ಚು ನೋಡಲಿಲ್ಲ.

ಕುಬುಸ ಮುಗಿದ ಮೇಲೆ ತವರಿನವರು ಮಗಳನ್ನು ಕರೆದುಕೊಂಡು ಬರುವುದು ರೂಢಿ. ಬೀಗಿತಿ ಮೊದಲೇ ಹೇಳಿದ್ದರಿಂದ ನಾನು ಆ ಮಾತು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಹೊರಟಾಗ ಗಂಗಾ ಹೊಸಿಲು ದಾಟಿ ಅಂಗಳಕ್ಕೆ ಬಂದು ನಿಂತಳು. ಚಪ್ಪಲಿ ಮೆಟ್ಟಿಕೊಂಡಿದ್ದಳು.

"ಬಿಸಿಲೈತಿ, ಒಳಗ ಹೋಗವ್ವ," ಅಂದೆ.

"ಹೂಂ ಅಪ್ಪಾಜಿ."

ಹೂಂ ಅಂದಳೇ ಹೊರತು ನಾವು ಬಸ್ ಸ್ಟ್ಯಾಂಡಿನ ದಾರಿಗೆ ತಿರುಗುವವರೆಗೂ ಹೋಗಲಿಲ್ಲ. ಈಗಿನ ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ.

ಬಸ್ಸಿನಲ್ಲಿ ಗುತ್ಯಮ್ಮ ಶುರು ಮಾಡಿದಳು. "ಒಂದು ಮಾತು ಕೇಳಬೇಕಿತ್ತು ಯಜಮಾನ್ರೇ."

"ಬ್ಯಾಡ ಅಂದಾರಲ್ಲ ಅವರು."

"ಬೀಗ್ತಿ ಅಂದಾಳ. ಮಗಳು ಅಂದಾಳೇನು?"

ನಿದ್ದೆ ಬಂದವನ ಹಾಗೆ ಕಿಟಕಿಗೆ ತಲೆ ಆನಿಸಿದೆ. ಹೆಂಗಸರ ಮಾತಿಗೆ ಕೊನೆ ಇಲ್ಲ.

೯ ಫೆಬ್ರವರಿ, ಭಾನುವಾರ

ಮೂರು ದಿನದಿಂದ ನರಿ ಅಲುಗಾಡಿಲ್ಲ. ಬೆಳಿಗ್ಗೆ ಹೋದರೂ ಸಂಜೆ ಹೋದರೂ ಅದೇ ಬಂಡೆಗಳ ಕಡೆಯಿಂದ ಅದೇ ಸದ್ದು.

೧೧ ಫೆಬ್ರವರಿ, ಮಂಗಳವಾರ

ಅಲ್ಲೇ ಇದೆ. ಚುಕ್ಕೆಯ ಮೇಲೆ ಚುಕ್ಕೆ ಇಟ್ಟು ಇಟ್ಟು ಕಾಗದ ಹರಿಯುವ ಹಾಗಾಗಿದೆ. ಹೋಗಿ ನೋಡೋಣ ಅಂದೆ.

"ಬೇಡ ಸರ್. ಸತ್ತಿರಬಹುದು. ಅಥವಾ ಮರಿ ಹಾಕಿರಬಹುದು. ಮರಿ ಹಾಕಿದ್ದು ಹೌದಾದ್ರೆ, ನಾವು ಹತ್ತಿರ ಹೋದದ್ದು ಗೊತ್ತಾದ್ರೆ, ಅವನ್ನ ಕಚ್ಚಿಕೊಂಡು ಬೇರೆ ಕಡೆ ಹೋಗಿಬಿಡುತ್ತೆ. ಕಾಯುವಾ."

ಮರಿಯೂ ಇಲ್ಲ ಗಿರಿಯೂ ಇಲ್ಲ. ಕಾಲುವೆ ಪಕ್ಕದ ಮೆಕ್ಕೆಜೋಳದವರು ಹಂದಿಗೆಂದು ವಿಷ ಇಟ್ಟಿರುತ್ತಾರೆ, ತಿಂದು ಬಿದ್ದಿದೆ. ಓಡಾಡುವ ಜೀವ ಓಡಾಟ ನಿಲ್ಲಿಸಿತೆಂದರೆ ಮುಗಿಯಿತು. ನೀಲಾಂಬಿಕಳೂ ಹಾಗೆಯೇ, ಅಡಿಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಬಾವಿಗೆ ತಿರುಗುತ್ತಿದ್ದವಳು ಒಂದು ದಿನ ಹಾಸಿಗೆಯಲ್ಲೇ ಉಳಿದಳು. ಆಮೇಲೆ ಎಷ್ಟು ದಿನ ಉಳಿದಳು.

ಒಂದು ನರಿಗೆ ಇಷ್ಟು ಸಂಕಟವಾಗುತ್ತದೆಂದು ಗೊತ್ತಿರಲಿಲ್ಲ. ವೇದಾಳ ಮುಂದೆ ತೋರಿಸಿಕೊಳ್ಳಲಿಲ್ಲ. ಅವಳ ಮುಖವೂ ಸಣ್ಣಗಾಗಿತ್ತು, ಎರಡು ವರ್ಷದ ಓದು ಅದರ ಕುತ್ತಿಗೆಯಲ್ಲಿದೆ. ಅವಳನ್ನು ಖಾನಾವಳಿಗೆ ಕರೆದುಕೊಂಡು ಹೋಗಿ ಊಟ ಮಾಡಿಸಿದೆ. ಅನ್ನಕ್ಕೆ ಮೊಸರು ಕಲಸಿಕೊಂಡು ಚಿಕ್ಕ ಹುಡುಗಿಯ ಹಾಗೆ ತಿಂದಳು.

೧೩ ಫೆಬ್ರವರಿ, ಗುರುವಾರ

ಬಚ್ಚಲಿನ ತಾಮ್ರದ ಹಂಡೆ ಸೋರುತ್ತಿತ್ತು, ಬೆಸುಗೆ ಹಾಕಿಸಿದೆ. ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದೆ. ಸುಣ್ಣ ಕಾಣದೆ ಎಷ್ಟು ವರ್ಷವಾಗಿತ್ತು, ಬೇಸಿಗೆಯಲ್ಲೇ ಮಾಡಿಸಿದರೆ ಬೇಗ ಒಣಗುತ್ತದೆ. ಕಿಟಕಿಯಿಂದ ಗಾಳಿ ನೇರ ಮಂಚದ ಮೇಲೆ ಬೀಳುತ್ತಿತ್ತು, ಮಂಚವನ್ನು ಆಚೆ ಗೋಡೆಗೆ ಸರಿಸಿದೆ.

ಗುತ್ಯಮ್ಮ ಬಂದು ನೋಡಿ, "ಏನು ಯಜಮಾನ್ರೇ, ಹಂಡೆ ಪಂಡೆ?" ಅಂದಳು.

"ಸೋರತಿತ್ತು," ಅಂದೆ. ಬೇರೆ ಏನು ಹೇಳುವುದು.

೧೬ ಫೆಬ್ರವರಿ, ಭಾನುವಾರ

ಸದ್ದು ಸರಿಯಿತು. ಸಂಜೆ ಬಂಡೆಯಿಂದ ಕಾಲುವೆಯವರೆಗೆ ಹೋಗಿ, ನೀರು ಕುಡಿಯುವಷ್ಟು ಹೊತ್ತು ನಿಂತು, ತಿರುಗಿ ಅಲ್ಲಿಗೇ ಬಂತು. ವೇದಾ ಆಂಟೆನಾವನ್ನು ಜೀಪಿನ ಮೇಲೆ ಎಸೆದು ನನ್ನ ಎರಡೂ ಕೈ ಹಿಡಿದುಕೊಂಡು ಕುಣಿದಳು. ನಾನೂ ಸ್ವಲ್ಪ ಕುಣಿದಿರಬಹುದು.

ಬದುಕಿದೆ. ಬದುಕಿದೆ.

೨೬ ಫೆಬ್ರವರಿ, ಬುಧವಾರ

ಇವತ್ತು ಕಣ್ಣಾರೆ ನೋಡಿದೆ. ಬೆಳಕು ಹರಿಯುವ ಮುಂಚೆ ಎದುರಿನ ದಿಬ್ಬದ ಮೇಲೆ ಕಂಬಳಿ ಹೊದ್ದು ಕೂತೆವು. ಬೈನಾಕ್ಯುಲರ್ ನನ್ನ ಕೈಗೆ ಕೊಟ್ಟಳು. ಬಂಡೆಯ ಸಂದಿನಿಂದ ಮೊದಲು ತಾಯಿ ಹೊರಬಂತು. ಕುತ್ತಿಗೆಯಲ್ಲಿ ಪಟ್ಟಿ ಇತ್ತು, ಇಲ್ಲದಿದ್ದರೆ ಗುರುತು ಸಿಗುತ್ತಿರಲಿಲ್ಲ. ಇಷ್ಟು ದಿನ ಇಡೀ ಗುಡ್ಡವನ್ನು ಆಳಿದ್ದು ಇಷ್ಟು ಸಣ್ಣ ಪ್ರಾಣಿ. ಬಡಕಲಾಗಿ, ಪಕ್ಕೆಲುಬು ಕಾಣುತ್ತಿತ್ತು. ಹಿಂದೆಯೇ ನಾಲ್ಕು ಮರಿ ಉರುಳಿಕೊಂಡು ಬಂದವು.

ಆಮೇಲೆ ಕಾಲುವೆಯ ಕಡೆಯಿಂದ ಇನ್ನೊಂದು ನರಿ ಬಂತು. ತಾಯಿ ಓಡಿಹೋಗಿ ಅದರ ಬಾಯಿ ಮೂಸಿತು. ಅದು ಹೊಟ್ಟೆ ಎಕ್ಕಳಿಸಿ, ತಿಂದು ತಂದದ್ದನ್ನೆಲ್ಲ ಇದರ ಮುಂದೆ ಕಾರಿತು.

"ಗಂಡು ಸರ್. ಹೀಗೇ ತಂದು ಹಾಕುತ್ತೆ. ಮರಿ ದೊಡ್ಡದಾಗುವ ತನಕ."

"ತಾಯಿ, ಅಕ್ಕ, ತಂಗಿ ಯಾರೂ ಇಲ್ಲೇನು ಅದಕ್ಕ?"

"ಕೆಲವಕ್ಕೆ ಹೋದ ವರ್ಷದ ಮರಿಗಳು ಜೊತೆಗಿರ್ತಾವೆ. ಇದಕ್ಕೆ ಯಾರೂ ಕಾಣೋದಿಲ್ಲ. ಇದೊಂದೇ ಮಾಡ್ತಾ ಇದೆ."

ಗಂಡು ಬಾಣಂತನ ಮಾಡುವುದನ್ನು ಮೊದಲ ಸಲ ನೋಡಿದೆ. ಮಾಡುವ ರೀತಿ ಅಸಹ್ಯ. ಆದರೆ ಅವಳು ತಿಂದಳು. ತಿಂದು ಮುಗಿಯುವವರೆಗೂ ಗಂಡು ಮೂರು ಮಾರು ದೂರ ಹೋಗಿ, ಬೆನ್ನು ತಿರುಗಿಸಿಕೊಂಡು, ದಾರಿ ನೋಡುತ್ತ ಕೂತಿತು. ನನಗೆ ಅಳು ಬಂತು. ಮಂಜಿಗೆ ಕಣ್ಣು ಉರಿಯುತ್ತದೆ ಅಂದೆ. ವೇದಾ ಸುಮ್ಮನೆ ತನ್ನ ಕಂಬಳಿಯ ಅರ್ಧವನ್ನು ನನ್ನ ಮೇಲೆ ಹಾಕಿದಳು.

ಈ ತಿಂಗಳ ವ್ಯಾಪ್ತಿಯನ್ನು ಲೆಕ್ಕ ಹಾಕಿದೆ. ಡಿಸೆಂಬರಿನ ಕಾಲು ಭಾಗವೂ ಇಲ್ಲ. ನಕ್ಷೆಯಲ್ಲಿ ನೋಡಿದವರಿಗೆ ಬಡ ಆಸ್ತಿ ಅನ್ನಿಸೀತು. ಅಲ್ಲಿ ಏನಿದೆಯೆಂದು ಬರೆಯಲು ನಮ್ಮ ಇಲಾಖೆಯಲ್ಲಿ ಯಾವ ಗುರುತೂ ಇಲ್ಲ.

೨ ಮಾರ್ಚ್, ಭಾನುವಾರ

ಅಂಟಿನುಂಡೆಗೆ ಬೆಲ್ಲದ ಪಾಕ ಒಂದೆಳೆ ಬಂದ ಕೂಡಲೇ ಇಳಿಸಬೇಕು. ನಾನು ಎಳೆ ಎಣಿಸುತ್ತ ನಿಂತೆ, ಅಷ್ಟರಲ್ಲಿ ಗಟ್ಟಿಯಾಯಿತು. ಗುತ್ಯಮ್ಮ ಅಡಿಗೆಮನೆಯ ಹೊಸಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನನ್ನನ್ನು ಬೈಯುತ್ತಾಳೆ. ಒಣಕೊಬ್ಬರಿ ಇನ್ನೂ ಸಣ್ಣಗೆ ತುರಿ. ಉತ್ತತ್ತಿ ಬೀಜ ತೆಗಿ. ಅಂಟು ತುಪ್ಪದಲ್ಲಿ ಅರಳಬೇಕು, ಕರಗಬಾರದು. ನಿನ್ನೆ ಮೆಣಸಿನ ಸಾರು ಕಲಿಸಿದಳು. ಅದು ಪರವಾಗಿಲ್ಲ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ಪಕ್ಕದ ಮನೆಯವರು ಯಾರು ಬಂದಿದ್ದಾರೆ ಎಂದು ಕೇಳಿದರು.

ಯಾರೂ ಬಂದಿಲ್ಲ. ಖಾನಾವಳಿಯ ಊಟ ಮೈಗೆ ಒಗ್ಗುತ್ತಿಲ್ಲ, ಅದಕ್ಕೆ.

೫ ಮಾರ್ಚ್, ಬುಧವಾರ

ಎಂಟನೇ ತಿಂಗಳಲ್ಲಿ ಬಸುರಿಯನ್ನು ಊರು ದಾಟಿಸುವುದಿಲ್ಲ. ಅದಕ್ಕೆ ಫೆಬ್ರವರಿಯಲ್ಲಿ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಗುತ್ಯಮ್ಮ ಬೆರಳು ಮಡಿಸಿ ಹೇಳಿದಳು, ಈಗ ಒಂಬತ್ತರಲ್ಲಿ ಬಿದ್ದಿದೆಯಂತೆ. ನಾನು ಕೇಳಿರಲಿಲ್ಲ, ತಾನಾಗಿ ಹೇಳಿದಳು.

ಎರಡನೇ ಸಲದ ಅಂಟಿನುಂಡೆಯೂ ಗಟ್ಟಿ.

೧೦ ಮಾರ್ಚ್, ಸೋಮವಾರ

ಶಿವರಾತ್ರಿ ಕಳೆಯಲಿ ಎಂದು ಕಾದಿದ್ದೆ. ಇವತ್ತು ಬೆಳಿಗ್ಗೆ ಬಾಡಿಗೆ ಕಾರು ಮಾಡಿಕೊಂಡು ಸೊರಬಕ್ಕೆ ಹೋದೆ. ಬಾಣಂತನಕ್ಕೆ ಕರೆಯಲು ಮುತ್ತೈದೆಯರು ಹೋಗಬೇಕು, ಗಂಡಸು ಒಬ್ಬನೇ ಹೋಗುವುದನ್ನು ತಾನು ನೋಡಿಲ್ಲ ಎಂದು ಗುತ್ಯಮ್ಮ ಹೇಳಿದ್ದಳು. ಹಾಗಾದರೆ ನೋಡು ಎಂದು ಹೇಳಿ ಹೊರಟೆ. ಶಿರಾಳಕೊಪ್ಪ ದಾಟುವವರೆಗೆ ಧೈರ್ಯವಿತ್ತು. ಆಮೇಲೆ ಇರಲಿಲ್ಲ.

ನಿರ್ಮಲಮ್ಮ ಬಾಗಿಲಲ್ಲೇ ಬೆರಗಾದರು. "ಬರ್ರಿ ಬೀಗ್ರೇ. ಏನು ಒಬ್ರೇ?"

ಅಳಿಯ ಸಿದ್ಧಲಿಂಗೇಶ್ ಅಂಗಡಿಗೆ ಹೊರಟವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತ. ಗಂಗಾ ಒಳಬಾಗಿಲಿಗೆ ಬಂದು ಕಂಬ ಹಿಡಿದುಕೊಂಡಳು. ಮುಖ ಸೊರಗಿದೆ, ಕಾಲು ಬಾತಿದೆ. ನಾನು ಕೂರದೆ, ತಂದಿದ್ದ ಅಂಟಿನುಂಡೆಯ ಡಬ್ಬಿಯ ಮುಚ್ಚಳ ತೆಗೆದು ಬೀಗಿತಿಯ ಮುಂದೆ ಹಿಡಿದೆ.

ಅವರು ಒಂದು ಉಂಡೆ ತೆಗೆದುಕೊಂಡು ನೋಡಿದರು. "ಬೀಗ್ರೇ, ಇದು ಹೆತ್ತ ಮೇಲೆ ತಿನ್ನೋದು. ಈಗ ಯಾಕೆ ತಂದ್ರಿ?"

"ಗೊತ್ತೈತಿ. ನನಗ ಮಾಡಾಕ ಬರ್ತೈತಿ ಅಂತ ತೋರ್ಸಾಕ ತಂದೆ."

ಮೂವತ್ತು ವರ್ಷ ಎಂಥೆಂಥ ಜಗಳದ ಹೊಲದಲ್ಲಿ ನಿಂತು ಮಾತಾಡಿದ್ದೇನೆ, ಇವತ್ತು ಡಬ್ಬಿ ಹಿಡಿದುಕೊಂಡೇ ಶುರು ಮಾಡಿದೆ. "ನಿಮ್ಮ ಮನ್ಯಾಗ ಕಡಿಮಿ ಐತಿ ಅಂತ ಅಲ್ಲರೀ. ಚೊಚ್ಚಲು. ಮಗಳನ್ನ ಅದರ ಮನೀಗೆ ಕರಕೊಂಡು ಹೋಗ್ತೀನಿ. ನೀರು ಹಾಕಾಕ ಗುತ್ಯಮ್ಮ ಬರ್ತಾಳ. ಆಸ್ಪತ್ರಿ ಮಗ್ಗಲಾಗ ಐತಿ. ಅಡಿಗಿ, ಪಥ್ಯ, ಕೂಸಿನ ಬಟ್ಟಿ, ಎಲ್ಲಾ ನಂದು."

ನಿರ್ಮಲಮ್ಮ ಉಂಡೆ ಕಚ್ಚಿದರು. ಹಲ್ಲಿಗೆ ಬಗ್ಗಲಿಲ್ಲ. ಬಾಯಿಂದ ತೆಗೆದು ಒಮ್ಮೆ ನೋಡಿ, "ಉಂಡೆನೋ ಬಾಂದುಕಲ್ಲೋ ಇದು," ಎಂದು ನಕ್ಕರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಸಾರು ಹೆಂಗೆ ಮಾಡ್ತೀರಿ?"

ಹೇಳಿದೆ. ಮೆಣಸು, ಜೀರಿಗೆ, ಬೆಳ್ಳುಳ್ಳಿ, ಎಷ್ಟೆಷ್ಟು, ಯಾವುದು ಮೊದಲು. ತಹಶೀಲ್ದಾರರ ಮುಂದೆ ವರದಿ ಒಪ್ಪಿಸಿದ ಹಾಗೆ ನಿಂತು ಹೇಳಿದೆ. ಅವರು ಒಂದೇ ಒಂದು ಕಡೆ ತಿದ್ದಿದರು, ಜೀರಿಗೆ ಹುರಿಯಬೇಕಂತೆ.

"ನಂದೇನೂ ಇಲ್ಲ. ಅವಳನ್ನ ಕೇಳ್ರಿ," ಅಂದರು.

ಕೇಳಲು ತಿರುಗಿದರೆ ಗಂಗಾ ಕಂಬದ ಹತ್ತಿರ ಇರಲಿಲ್ಲ. ಒಳಗೆ ಹೋಗಿಬಿಟ್ಟಿದ್ದಳು. ಬೇಸರವಾಯಿತೇನೋ, ಎಲ್ಲರೆದುರು ನಗೆಪಾಟಲು ಮಾಡಿದೆನೇನೋ ಅಂದುಕೊಂಡೆ. ಡಬ್ಬಿಯ ಮುಚ್ಚಳ ಹಾಕಲು ಹೋದೆ, ಕೂರಲಿಲ್ಲ.

ಅಷ್ಟರಲ್ಲಿ ಹೊರಗೆ ಬಂದಳು. ಕೈಯಲ್ಲಿ ಬ್ಯಾಗು. ಬಟ್ಟೆ ಮಡಿಸಿ ತುಂಬುವಷ್ಟು ಹೊತ್ತು ಆಗಿರಲೇ ಇಲ್ಲ. ನಾನು ಬ್ಯಾಗನ್ನೇ ನೋಡುತ್ತಿದ್ದುದನ್ನು ಕಂಡು ಸಿದ್ಧಲಿಂಗೇಶ್ ನೆಲ ನೋಡಿಕೊಂಡು ಮೆಲ್ಲಗೆ ಹೇಳಿದ.

"ಕುಬುಸದ ದಿನ ತುಂಬಿದ್ದು ಮಾವ. ಬಿಚ್ಚಾಕೆ ಬಿಟ್ಟಿಲ್ಲ."

ಬ್ಯಾಗು ಅವಳ ಕೈಯಿಂದ ತೆಗೆದುಕೊಂಡೆ. ಭಾರವಾಗಿತ್ತು.

ಕಾರು ಊರು ದಾಟಿತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ, "ಇಷ್ಟು ದಿನ ಯಾಕ ಬರಲಿಲ್ಲ ಅಪ್ಪಾಜಿ?" ಅಂದಳು.

"ದಾರಿ ಗೊತ್ತಾಗಲಿಲ್ಲವ್ವ," ಅಂದೆ.

ಈ ಎರಡು ತಾಲೂಕುಗಳನ್ನು ಸರಪಳಿ ಹಾಕಿ ಅಳೆದವನು ಆಡುವ ಮಾತಲ್ಲ. ಆದರೆ ಅವಳು ನಗಲಿಲ್ಲ. ನನ್ನ ಹೆಗಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಡ್ರೈವರನಿಗೆ ಮೆಲ್ಲಗೆ ಓಡಿಸಲು ಹೇಳಿದೆ, ಶಿರಾಳಕೊಪ್ಪ ಬಂದದ್ದೂ ಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ.